ಮೊದಲು ಓದಿ, ಆಮೇಲೆ ಮಾರ್ಜಿನ್ ಅಳೆಯಿರಿ

ಪಿಎಚ್‌ಡಿ, ಜರ್ನಲ್ ಅಂದ ಕೂಡಲೇ ‘ಇದು ನಮಗಲ್ಲ’ ಅಂತ ಮುಂದಕ್ಕೆ ಸರಿಸಬೇಡಿ. ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ ಮಕ್ಕಳು ಈಗ ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ. ನಿಮ್ಮ ಬೀದಿಯಲ್ಲೇ ಒಬ್ಬರು ಇರಬಹುದು. ಅವರಲ್ಲಿ ಎಷ್ಟೋ ಜನ ಬರೆಯುವುದು ನಿಮ್ಮ ಬಗ್ಗೆಯೇ. ನಿಮ್ಮ ಕೆರೆ, ನಿಮ್ಮ ಜಾತ್ರೆ, ನಿಮ್ಮ ಅಜ್ಜಿಯ ಸೋಬಾನೆ ಪದ, ನಿಮ್ಮ ಸ್ತ್ರೀಶಕ್ತಿ ಸಂಘದ ಸಾಲ. ಹೀಗೆ ಬರೆದದ್ದು ನಿಮ್ಮ ಕೈಗೆ ಯಾಕೆ ಬರುವುದಿಲ್ಲ, ಅಚ್ಚಾಗುವ ಮೊದಲೇ ಆ ಮಕ್ಕಳ ಜೇಬು ಯಾಕೆ ಖಾಲಿಯಾಗುತ್ತದೆ ಅನ್ನುವುದು ಇಲ್ಲಿನ ವಿಷಯ.

ನನ್ನ ತಕರಾರು ಇಷ್ಟೇ. ಲೇಖನದಲ್ಲಿ ಏನು ಹೇಳಿದ್ದಾರೆ ಎಂದು ಓದುವ ಮೊದಲೇ ಅದು ಯಾವ ಫಾಂಟ್‌ನಲ್ಲಿದೆ, ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಗ್ರಂಥಸೂಚಿಯಲ್ಲಿ ಚುಕ್ಕಿ ಎಲ್ಲಿದೆ, ಅಲ್ಪವಿರಾಮ ಎಲ್ಲಿದೆ ಎಂದು ನೋಡಿ ವಾಪಸ್ ಕಳಿಸುವ ಪದ್ಧತಿ ನಿಲ್ಲಬೇಕು. ಈ ಅಳತೆಗೆ ಹೊಲಿಸುವ ಕೆಲಸಕ್ಕೆ ಫಾರ್ಮ್ಯಾಟಿಂಗ್ ಅನ್ನುತ್ತಾರೆ. ಲೇಖನ ಒಪ್ಪಿಗೆಯಾದ ಮೇಲೆ, ಪತ್ರಿಕೆಯವರೇ ಮಾಡಬೇಕಾದ ಕೆಲಸ ಅದು. ಈಗ ಅದನ್ನು ಬಾಗಿಲಲ್ಲೇ, ಬರೆದವರ ಖರ್ಚಿನಲ್ಲೇ ಮಾಡಿಸುತ್ತಿದ್ದಾರೆ.

ನನಗೆ ಗೊತ್ತಿರುವ ಒಂದು ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ ಅಂದಿದ್ದಾಳೆ, ಊರೂ ಬೇಡ. ಕೆರೆಯ ನೀರುಗಂಟಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ನೀರುಗಂಟಿ ಅಂದರೆ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಹಂಚಿ, ಸುಗ್ಗಿಯಲ್ಲಿ ಕಣದಿಂದ ಪಾಲಿನ ಕಾಳು ಒಯ್ಯುತ್ತಿದ್ದವನು. ಆಕೆಯ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಮುದುಕರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಫೋನಿನಲ್ಲೇ ಕನ್ನಡ ಕೀಬೋರ್ಡ್ ಹಾಕಿಕೊಂಡು ಪೂರ್ತಿ ಲೇಖನ ಟೈಪ್ ಮಾಡಿದಳು. ಒಂದು ಕನ್ನಡ ಸಂಶೋಧನಾ ಪತ್ರಿಕೆಗೆ ಇಮೇಲ್ ಮಾಡಿದಳು. ಎರಡು ಸಾಲಿನ ಉತ್ತರ ಬಂತು. ಲೇಖನ ನುಡಿ ಫಾಂಟ್‌ನಲ್ಲಿ, 14ರ ಗಾತ್ರದಲ್ಲಿ, ಒಂದೂವರೆ ಸಾಲಿನ ಅಂತರದಲ್ಲಿ ಇರಬೇಕು, ನಿಯಮದಂತೆ ಇಲ್ಲದ ಲೇಖನಗಳನ್ನು ಪರಿಶೀಲಿಸಲಾಗುವುದಿಲ್ಲ.

ಆಕೆ ತಾಲೂಕು ಕೇಂದ್ರದ ಡಿಟಿಪಿ ಅಂಗಡಿಗೆ ಹೋದಳು. ಫೋನಿನಲ್ಲಿ ಆಗಲೇ ಟೈಪ್ ಆಗಿದ್ದ ಲೇಖನವನ್ನು ಅಂಗಡಿಯವನು ಮೊದಲಿಂದ ಕೊನೆತನಕ ಮತ್ತೆ ಟೈಪ್ ಮಾಡಿದ. ಪುಟಕ್ಕೆ ಇಷ್ಟು ಅಂತ ದುಡ್ಡು. ತಿದ್ದುಪಡಿಗೆ ಬೇರೆ ದುಡ್ಡು. ತಿದ್ದಿಸಲು ಹೋದ ಮೂರು ದಿನದ ಬಸ್ ಚಾರ್ಜು, ಕೂಲಿ ತಪ್ಪಿದ್ದು ಬೇರೆ. “ಅಣ್ಣಾ, ಬರೆಯೋಕೆ ಎರಡು ತಿಂಗಳು ಆಯ್ತು, ಅದಕ್ಕೆ ಬೇಜಾರಿಲ್ಲ. ಅದೇ ಅಕ್ಷರಾನ ಅದೇ ಕನ್ನಡದಲ್ಲಿ ಇನ್ನೊಂದು ಸಲ ಯಾಕೆ ಬರೆಸಬೇಕು ಅಂತ ಯಾರೂ ಹೇಳಲಿಲ್ಲ” ಅಂದಳು.

ಯಾಕೆ ಅಂತ ನಾನು ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ, ಗಂಟು ಇರುವುದೇ ಇಲ್ಲಿ.

ನಿಮ್ಮ ಫೋನಿನಲ್ಲಿ ನೀವು ‘ಕ’ ಅಂತ ಒತ್ತಿದರೆ ಅದು ‘ಕ’ ಅಂತಲೇ ಉಳಿಯುತ್ತದೆ. ಪ್ರಪಂಚದ ಯಾವ ಫೋನಿಗೆ ಹೋದರೂ ‘ಕ’ನೇ. ಈ ವ್ಯವಸ್ಥೆಯ ಹೆಸರು ಯುನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಆಗಿನ ಕಂಪ್ಯೂಟರುಗಳಲ್ಲಿ ಅದನ್ನು ಬಳಸುವ ಸೌಕರ್ಯ ಇರಲಿಲ್ಲ. ಅದಕ್ಕೇ ನಮ್ಮವರು ಬೇರೆ ಉಪಾಯ ಮಾಡಿದರು. ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಕೂರಿಸಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ, ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಪತ್ರಿಕೆ, ಕಚೇರಿ, ಪುಸ್ತಕ ಎಲ್ಲಾ ಅದರಲ್ಲೇ ನಡೆದವು. ನಾನು ಡಿಪ್ಲೊಮಾ ಓದುವಾಗ ಕಲಿತದ್ದೂ ಅದನ್ನೇ.

ಆದರೆ ಆ ಹಳೆ ಫಾಂಟ್ ಇಲ್ಲದ ಫೋನಿನಲ್ಲಿ ಆ ಕಡತ ತೆರೆದು ನೋಡಿ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಕೊಂಬು, ಚುಕ್ಕಿ ಇಟ್ಟ ಹಾಗೆ ಏನೇನೋ ಕಾಣುತ್ತದೆ. ಬೇಕಾದ ಪದ ಕೊಟ್ಟು ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಫೋನ್ ಗಟ್ಟಿಯಾಗಿ ಓದಿ ಹೇಳುವುದಿಲ್ಲ, ಅಂದರೆ ಕಣ್ಣು ಕಾಣದವರ ಪಾಲಿಗೂ ಅದು ಮುಚ್ಚಿದ ಬಾಗಿಲು. ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ನಿಜ. ಆದರೆ ಕನ್ನಡದ ನಡುವೆ ಇಂಗ್ಲಿಷ್ ಪುಸ್ತಕದ ಹೆಸರು ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತವೆ. ‘ವರ್ಷ’ ಅಂತ ಬರೆದದ್ದು ‘ವಷ೯’ ಆಗಿ ಕೂರುವುದನ್ನು ನೀವೂ ನೋಡಿರುತ್ತೀರಿ. ಎಲ್ಲವನ್ನೂ ಮತ್ತೆ ಕಣ್ಣಲ್ಲಿ ಕಣ್ಣಿಟ್ಟು ತಿದ್ದಬೇಕು.

ಈಗ ಆ ಹುಡುಗಿಯ ಲೇಖನಕ್ಕೆ ಏನಾಯಿತು ನೋಡಿ. ಫೋನಿನಲ್ಲಿ ಇದ್ದಾಗ ಅದನ್ನು ಯಾರು ಬೇಕಾದರೂ ಓದಬಹುದಿತ್ತು, ಹುಡುಕಬಹುದಿತ್ತು. ದುಡ್ಡು ಕೊಟ್ಟು, ನಿಯಮಕ್ಕೆ ಹೊಂದಿಸಿದ ಮೇಲೆ ಯಾರೂ ಹುಡುಕಲಾಗದಂತೆ ಆಯಿತು. ನೀರುಗಂಟಿಯ ಮೊಮ್ಮಗ ತನ್ನ ಫೋನಿನಲ್ಲಿ ‘ನೀರುಗಂಟಿ’ ಅಂತ ಒತ್ತಿದರೆ ಅವನ ತಾತನ ಮಾತುಗಳಿರುವ ಲೇಖನ ಬರುವುದಿಲ್ಲ. ಇದಕ್ಕಿಂತ ತಮಾಷೆಯ ಮಾತು ಇನ್ನೊಂದಿದೆ. ಈಗಿನ ನುಡಿ ತಂತ್ರಾಂಶವೇ ಯುನಿಕೋಡ್‌ನಲ್ಲಿ ಬರೆಯುತ್ತದೆ. ನುಡಿಯೇ ಬದಲಾಗಿದೆ, ನುಡಿ ಕೇಳುವ ಸಂಪಾದಕರು ಬದಲಾಗಿಲ್ಲ.

ಡಿಟಿಪಿ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರದ್ದೂ ಬೆನ್ನು ಮುರಿಯುವ ಕೆಲಸ. ಸಿಟ್ಟಿರುವುದು ಸಂಬಳ, ಕಂಪ್ಯೂಟರ್, ಸಹಾಯಕರು ಎಲ್ಲಾ ಇರುವ ಕಡೆಯಿಂದ ಏನೂ ಇಲ್ಲದವರ ಕಡೆಗೆ ಕೆಲಸ ತಳ್ಳುವವರ ಮೇಲೆ.

ನಮ್ಮ ಕೆಲಸದ್ದೇ ಉದಾಹರಣೆ ತಗೊಳ್ಳಿ. ನಾನು ಜಿಲ್ಲೆಯಿಂದ ಪತ್ರಿಕೆಗೆ ಸುದ್ದಿ ಕಳಿಸುವವನು. ಕಾಲಂ ಲೆಕ್ಕದ ದುಡ್ಡು, ಅದೂ ಬಂದಾಗ ಬಂತು. ಅಪಘಾತ ಆದ ಜಾಗದಲ್ಲೇ ನಿಂತು ಫೋನಿನಲ್ಲಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಕಾಗುಣಿತ ತಪ್ಪಿದ್ದರೆ ಡೆಸ್ಕಿನವರು ತಿದ್ದುತ್ತಾರೆ, ಬೈಯುತ್ತಾರೆ, ಶೀರ್ಷಿಕೆ ಕೊಡುತ್ತಾರೆ, ಪುಟಕ್ಕೆ ಕೂರಿಸುತ್ತಾರೆ. ‘ಸುದ್ದಿಯನ್ನು ಎರಡು ಕಾಲಂ ಅಗಲಕ್ಕೆ ನೀವೇ ಕೂರಿಸಿ ಕಳಿಸಿ, ಇಲ್ಲದಿದ್ದರೆ ಬಸ್ ಬಿದ್ದದ್ದನ್ನು ನಾವು ಓದುವುದಿಲ್ಲ’ ಅಂತ ಇವತ್ತಿನತನಕ ಯಾವ ಡೆಸ್ಕೂ ಹೇಳಿಲ್ಲ. ನಮ್ಮಂಥ ಕಾಲಂ ಲೆಕ್ಕದವರಿಗೆ ಇರುವ ಮರ್ಯಾದೆ ಪಿಎಚ್‌ಡಿ ಮಾಡುವವರಿಗೆ ಇಲ್ಲ ಅಂದರೆ ಏನು ಹೇಳೋಣ.

ಈ ನಿಯಮಗಳು ಹುಟ್ಟಿದ್ದು ಟೈಪ್‌ರೈಟರ್ ಕಾಲದಲ್ಲಿ. ಸಾಲುಗಳ ನಡುವೆ ಡಬಲ್ ಸ್ಪೇಸ್ ಯಾಕೆ ಬಿಡಬೇಕಿತ್ತು? ಸಂಪಾದಕರು ಪೆನ್ನಿನಲ್ಲಿ ತಿದ್ದಲು. ಸುತ್ತ ಅಗಲ ಮಾರ್ಜಿನ್ ಯಾಕೆ? ಅಚ್ಚಿನ ಮೊಳೆ ಜೋಡಿಸುವವರಿಗೆ ಸೂಚನೆ ಬರೆಯಲು. ಅದಕ್ಕೆ ಅರ್ಥವಿತ್ತು. ಈಗ ಯಾರೂ ಕಾಗದದ ಮೇಲೆ ತಿದ್ದುವುದಿಲ್ಲ, ಸಾಲಿನ ಅಂತರ ಬದಲಿಸಲು ಒಂದು ಕ್ಲಿಕ್ ಸಾಕು. ಆ ಒಂದು ಕ್ಲಿಕ್ ಮಾಡದೆ ಲೇಖನ ವಾಪಸ್ ಕಳಿಸುತ್ತಾರೆ.

ಇದು ಕನ್ನಡದವರ ಕಾಟ ಮಾತ್ರ ಅಲ್ಲ. ಹೊರದೇಶದ ವಿಜ್ಞಾನಿಗಳೂ ಇದರಲ್ಲಿ ನರಳಿದ್ದಾರೆ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿದರು. ಒಂದೊಂದು ಪತ್ರಿಕೆಗೆ ಒಂದೊಂದು ಅಳತೆ ಬೇಡ, ಎಲ್ಲರೂ ಒಂದೇ ರೂಪ ಒಪ್ಪೋಣ ಎಂದು ತೀರ್ಮಾನಿಸಿದರು. ಗ್ರಂಥಸೂಚಿಗೆ ನಂಬರ್ ಹಾಕುವ ಆ ಶೈಲಿಗೆ ಇವತ್ತಿಗೂ ವ್ಯಾಂಕೂವರ್ ಅಂತಲೇ ಹೆಸರು. ಬರೆದವರ ಕಷ್ಟ ಕಡಿಮೆ ಮಾಡಲು ಹುಟ್ಟಿದ ಆಲೋಚನೆ ಅದು. ಆಮೇಲೆ ಏನಾಯಿತು? ಎಪಿಎ ಒಂದು, ಎಂಎಲ್‌ಎ ಒಂದು, ಶಿಕಾಗೋ ಒಂದು, ವ್ಯಾಂಕೂವರ್ ಇನ್ನೊಂದು, ಇವುಗಳ ಮೇಲೆ ಒಂದೊಂದು ಪತ್ರಿಕೆಯ ಸ್ವಂತ ಚಪಲ.

2019ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಇದರ ಲೆಕ್ಕವೇ ಪ್ರಕಟವಾಯಿತು. 41 ದೇಶಗಳ 372 ಸಂಶೋಧಕರನ್ನು ಕೇಳಿ ಮಾಡಿದ ಲೆಕ್ಕ. ಬರೆಯುವ ಕೆಲಸ ಬಿಟ್ಟು, ಬರೀ ಅಳತೆಗೆ ಹೊಂದಿಸಲು ಒಂದು ಲೇಖನಕ್ಕೆ ಒಬ್ಬರಿಗೆ ಸುಮಾರು 14 ಗಂಟೆ. ವರ್ಷಕ್ಕೆ ಸುಮಾರು 52 ಗಂಟೆ. 14 ಗಂಟೆ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ದಿನದ ಕೂಲಿ. ಅದೂ ಸ್ವಂತ ಕಂಪ್ಯೂಟರ್ ಎದುರು ಕೂತವರ ಲೆಕ್ಕ, ಬಸ್ ಹತ್ತಿ ಅಂಗಡಿಗೆ ಹೋಗುವವರದ್ದಲ್ಲ. ಲೇಖನ ಒಂದು ಕಡೆ ತಿರಸ್ಕಾರವಾದರೆ ಇನ್ನೊಂದು ಪತ್ರಿಕೆಯ ಅಳತೆಗೆ ಮತ್ತೆ ಮೊದಲಿಂದ.

ಹೆಸರಿನ ಕಥೆ ಕೇಳಿ. ಆನ್‌ಲೈನ್‌ನಲ್ಲಿ ಲೇಖನ ಸಲ್ಲಿಸುವಾಗ ಮೊದಲ ಹೆಸರು, ಕೊನೆ ಹೆಸರು ಅಂತ ಎರಡು ಚೌಕ ಇರುತ್ತವೆ. ಎರಡಕ್ಕೂ ಕೆಂಪು ನಕ್ಷತ್ರ, ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇದೆ, ಪಾರಾದರು. ಈ ಕಡೆಯ ನಮಗೆ ಊರಿನ ಹೆಸರು, ಅಪ್ಪನ ಹೆಸರು, ನಮ್ಮ ಹೆಸರು. ಕುವೆಂಪು ಅವರದ್ದೇ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ಅವರು. ಇದರಲ್ಲಿ ‘ಸರ್‌ನೇಮ್’ ಯಾವುದು? ನಮ್ಮ ಹುಡುಗರು ಆ ಚೌಕದಲ್ಲಿ ಇನಿಷಿಯಲ್ ಹಾಕುತ್ತಾರೆ, ಚುಕ್ಕಿ ಹಾಕುತ್ತಾರೆ, ತಮ್ಮ ಹೆಸರನ್ನೇ ಎರಡು ಸಲ ಹಾಕುತ್ತಾರೆ. ಆಮೇಲೆ ಒಂದು ಲೇಖನದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಸಂದರ್ಶನಕ್ಕೆ ಹೋದಾಗ ‘ಇದು ನಿಮ್ಮದೇ ಲೇಖನವಾ?’ ಅಂತ ಪ್ರಶ್ನೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಮಾತ್ರ ಗ್ರಂಥಸೂಚಿಯ ನಿಯಮ. ಎಪಿಎ ಶೈಲಿಯಲ್ಲಿ ನೀವು ಒಬ್ಬರ ಬಾಯಿಂದ ಕೇಳಿದ ಮಾತು ಕೊನೆಯ ಪಟ್ಟಿಯಲ್ಲಿ ಬರುವುದಿಲ್ಲ. ಅಚ್ಚಾಗಿಲ್ಲ, ರೆಕಾರ್ಡಾಗಿ ಬೇರೆಯವರಿಗೆ ಸಿಗುವಂತಿಲ್ಲ, ಹಾಗಾಗಿ ಅದು ಬರೀ ‘ವೈಯಕ್ತಿಕ ಮಾತುಕತೆ’. ಲೇಖನದ ಒಳಗೆ ಕಂಸದಲ್ಲಿ ಹೇಳಿ ಮುಗಿಸಬೇಕು. ಅಂದರೆ ನೂರಾರು ಪದ ಹಾಡಿದ ಅಜ್ಜಿಯ ಹೆಸರು ಪಟ್ಟಿಯಲ್ಲಿ ಇಲ್ಲ. ಆ ಅಜ್ಜಿಯ ಹತ್ತಿರ ಒಂದು ಮಧ್ಯಾಹ್ನ ಕೂತು ಪುಸ್ತಕ ಮಾಡಿದ ಪ್ರೊಫೆಸರ್ ಹೆಸರು ಪಟ್ಟಿಯಲ್ಲಿ ಇದೆ. ಆಮೇಲೆ ಬಂದವರೆಲ್ಲ ಪ್ರೊಫೆಸರನ್ನೇ ಉಲ್ಲೇಖಿಸುತ್ತಾರೆ. ನಮ್ಮ ಜಾನಪದದವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇತ್ತು. ‘ವಕ್ತೃಗಳು’ ಅಂತ ಬೇರೆ ಪಟ್ಟಿ ಮಾಡಿ ಹಾಡಿದವರ, ಕಥೆ ಹೇಳಿದವರ ಹೆಸರು, ವಯಸ್ಸು, ಊರು ಬರೆಯುತ್ತಿದ್ದರು. ಆ ಪಟ್ಟಿ ಈಗ ‘ನಮ್ಮ ಫಾರ್ಮ್ಯಾಟ್‌ನಲ್ಲಿ ಇಲ್ಲ’ ಅಂತ ಕತ್ತರಿ ಹಾಕಿಸಿಕೊಳ್ಳುತ್ತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ತನ್ನ ಅನುಕೂಲಕ್ಕೆ ಮಾಡಿಕೊಂಡ ನಿಯಮ ಅದು. ಅವರನ್ನು ಬೈಯುವುದು ತಪ್ಪು. ಅದನ್ನು ತಂದು ಸೋಬಾನೆ ಪದದ ಲೇಖನಕ್ಕೆ ಹಾಕಿದವರು ನಮ್ಮವರೇ.

ಇನ್ನು ‘ಫಾರ್ಮ್ಯಾಟ್ ಸರಿಯಾಗಿದ್ದರೆ ಗುಣಮಟ್ಟ’ ಅನ್ನುವ ನಂಬಿಕೆ. 2016ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕಿತ್ತು, ಎರಡು ಸೆಮಿನಾರಿನಲ್ಲಿ ಮಂಡಿಸಿರಬೇಕಿತ್ತು. ಕೇಳುವವರು ಹೆಚ್ಚಾದರು, ಅಂಗಡಿಗಳೂ ಹೆಚ್ಚಾದವು. 2017ರಲ್ಲಿ ಯುಜಿಸಿ ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿ ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ಅದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಆಮೇಲೆ ‘ಕೇರ್’ ಅನ್ನುವ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದೂ ಹೋಯಿತು. 2022ರ ನಿಯಮದಲ್ಲಿ ಲೇಖನ ಕಡ್ಡಾಯ ಅನ್ನುವುದನ್ನೇ ಯುಜಿಸಿ ಕೈಬಿಟ್ಟಿದೆ. ಆದರೆ ನೌಕರಿಗೆ, ಬಡ್ತಿಗೆ ಲೇಖನಕ್ಕೆ ಅಂಕ ಇರುವತನಕ ಓಟ ನಿಲ್ಲುವುದಿಲ್ಲ.

ದುಡ್ಡು ತಗೊಂಡು ಓದದೇ ಅಚ್ಚು ಹಾಕುವ ನಕಲಿ ಪತ್ರಿಕೆಗಳನ್ನು ನೋಡಿ. ಟೆಂಪ್ಲೇಟ್ ಎಷ್ಟು ಚೆಂದ! ಎರಡು ಕಾಲಂ, ಮೇಲೆ ಲಾಂಛನ, ಐಎಸ್‌ಎಸ್‌ಎನ್ ನಂಬರ್, ಎಲ್ಲಿಂದಲೋ ತಂದ ‘ಇಂಪ್ಯಾಕ್ಟ್ ಫ್ಯಾಕ್ಟರ್’. ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಯನ್ನು ಗುರುತಿಸುವ ನಂಬರ್ ಅಷ್ಟೇ. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಪ್ಲೇಟ್ ಇದೆ ಅಂತ ಬ್ರೇಕ್ ಸರಿ ಇದೆ ಅಂತ ಅಲ್ಲ. ಒಳ್ಳೆಯ ಪತ್ರಿಕೆಯ ಬಾಗಿಲಲ್ಲಿ ಫಾಂಟ್ ಸರಿಯಿಲ್ಲ ಅಂತ ವಾಪಸ್ ಬಂದ ಮಕ್ಕಳನ್ನು ಈ ಅಂಗಡಿಗಳು ಕೈ ಹಿಡಿದು ಕರೆಯುತ್ತವೆ. “ವರ್ಡ್ ಫೈಲ್ ಹೇಗಿದ್ದರೂ ಕಳಿಸಿ, ಫಾರ್ಮ್ಯಾಟ್ ನಾವೇ ಮಾಡ್ಕೋತೀವಿ, ಮೂರು ದಿನದಲ್ಲಿ ಸರ್ಟಿಫಿಕೇಟ್” ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಬರುತ್ತದಲ್ಲ, ಅದೇ. ಬರೆದವರ ಕಷ್ಟ ಕಳ್ಳರಿಗೆ ಅರ್ಥವಾಗಿದೆ, ಪ್ರಾಮಾಣಿಕರಿಗೆ ಆಗಿಲ್ಲ.

‘ಶಿಸ್ತು ಬೇಡವಾ? ಮನಸ್ಸಿಗೆ ಬಂದ ಹಾಗೆ ಬರೆದು ಕಳಿಸಿದರೆ ಓದುವುದು ಹೇಗೆ?’ ಅಂತ ಒಬ್ಬ ಮೇಷ್ಟ್ರು ನನಗೆ ಕೇಳಿದರು. ಸರಿಯಾದ ಪ್ರಶ್ನೆ. ಕೆಲವು ನಿಯಮ ಬೇಕೇ ಬೇಕು. ಯಾವ ಮಾತು ಎಲ್ಲಿಂದ ಬಂತು ಅಂತ ಹುಡುಕಲು ಆಗುವಷ್ಟು ವಿವರ ಇರಬೇಕು. ಸಾರಾಂಶ ಇರಬೇಕು. ಕೋಷ್ಟಕದಲ್ಲಿ ಯಾವ ಅಂಕಿ ಎಕರೆ, ಯಾವುದು ಗುಂಟೆ ಅಂತ ತಿಳಿಯಬೇಕು. ಬರೆದವರ ಹೆಸರು ಬೇರೆ ಪುಟದಲ್ಲಿ ಇರಬೇಕು, ಪರಿಶೀಲಿಸುವವರಿಗೆ ಅದು ಕಾಣಬಾರದು. ನನ್ನ ಕೇಳಿದರೆ ಈ ಕೊನೆಯದು ಬಹಳ ಮುಖ್ಯ, ಹೆಸರಿನಲ್ಲೇ ಜಾತಿ ಓದುವ ನಮ್ಮ ನಾಡಿನಲ್ಲಂತೂ ಇನ್ನೂ ಮುಖ್ಯ. ಇವೆಲ್ಲ ಓದುವವರಿಗಾಗಿ ಇರುವ ನಿಯಮಗಳು. 14ರ ಗಾತ್ರ ಯಾರಿಗಾಗಿ? ಇಸವಿ ಕಂಸದ ಒಳಗಿರಬೇಕೋ ಹೊರಗಿರಬೇಕೋ ಅನ್ನುವುದು ಯಾರಿಗಾಗಿ?

ಬೇರೆ ದಾರಿ ಇಲ್ಲ ಅನ್ನಬೇಡಿ. ಎಲ್ಸೆವಿಯರ್ ಅನ್ನುವ ದೊಡ್ಡ ಪ್ರಕಾಶನ ಸಂಸ್ಥೆಯ ಹಲವು ಪತ್ರಿಕೆಗಳು ಮೊದಲ ಸಲ ಲೇಖನವನ್ನು ಯಾವ ರೂಪದಲ್ಲಿ ಕಳಿಸಿದರೂ ತೆಗೆದುಕೊಳ್ಳುತ್ತವೆ, ಅಳತೆಯ ಮಾತು ತಿದ್ದುಪಡಿಯ ಹಂತದಲ್ಲಿ. ಆ ಕಂಪನಿ ಧರ್ಮಛತ್ರ ನಡೆಸುತ್ತಿಲ್ಲ, ಲಾಭಕ್ಕೆ ಕೂತವರು. ಅವರಿಗೇ ಸಾಧ್ಯವಾದದ್ದು ವರ್ಷಕ್ಕೆ ಎರಡೋ ನಾಲ್ಕೋ ಸಂಚಿಕೆ ತರುವ, ಜನರ ತೆರಿಗೆ ದುಡ್ಡಿನಲ್ಲಿ ನಡೆಯುವ ನಮ್ಮ ವಿಶ್ವವಿದ್ಯಾಲಯದ ಪತ್ರಿಕೆಗಳಿಗೆ ಯಾಕೆ ಆಗುವುದಿಲ್ಲ?

ಲೇಖನ ಕಳಿಸುವ ಮಕ್ಕಳಿಗೂ ಎರಡು ಮಾತು. ಫೋನಿನಲ್ಲಿ ಬರೆದ ಯುನಿಕೋಡ್ ಪ್ರತಿ ಅಳಿಸಬೇಡಿ, ನಿಮ್ಮ ಅಸಲು ಅದೇ. ಅಂಗಡಿಗೆ ಓಡುವ ಮೊದಲು ಸಂಪಾದಕರಿಗೆ ಒಂದು ಇಮೇಲ್ ಹಾಕಿ, ‘ಪರಿಶೀಲನೆಗೆ ಯುನಿಕೋಡ್‌ನಲ್ಲಿ ಕಳಿಸಬಹುದಾ, ಒಪ್ಪಿಗೆಯಾದ ಮೇಲೆ ನಿಮ್ಮ ಫಾಂಟ್‌ಗೆ ಬದಲಿಸುತ್ತೇನೆ’ ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಲೇಖನ ಹರಿದು ಹಾಕುವುದಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಸಿಕ್ಕರೆ ಝೊಟೆರೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಪುಸ್ತಕದ ವಿವರ ಒಮ್ಮೆ ತುಂಬಿದರೆ ಎಪಿಎ ಬೇಕೋ ಎಂಎಲ್‌ಎ ಬೇಕೋ, ಪಟ್ಟಿಯನ್ನು ಅದೇ ಬದಲಿಸಿಕೊಡುತ್ತದೆ. ಫಾರ್ಮ್ಯಾಟ್ ಮಾಡಿ ಪ್ರಕಟಣೆಯನ್ನೂ ಮಾಡಿಸಿಕೊಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗೈಡ್ ಹೇಳಿದರೂ ಕೊಡಬೇಡಿ. ವಕ್ತೃಗಳ ಪಟ್ಟಿಗೆ ಕತ್ತರಿ ಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಕನ್ನಡ ಸಂಶೋಧನಾ ಪತ್ರಿಕೆಗಳ ಸಂಪಾದಕರೇ, ‘ಲೇಖಕರಿಗೆ ಸೂಚನೆ’ ಅಂತ ನೀವು ಕೊನೆಯ ಪುಟದಲ್ಲಿ ಹಾಕುತ್ತೀರಲ್ಲ, ಅದನ್ನು ಮುಂದಿನ ಸಂಚಿಕೆಯಲ್ಲಿ ಹೀಗೆ ಬದಲಿಸಿ ನೋಡಿ: “ಲೇಖನವನ್ನು ಯುನಿಕೋಡ್ ಕನ್ನಡದಲ್ಲಿ, ಯಾವ ರೂಪದಲ್ಲಾದರೂ ಕಳಿಸಿ, ಫೋನಿನಿಂದ ಕಳಿಸಿದರೂ ಸರಿ. ಹೆಸರು ಬೇರೆ ಪುಟದಲ್ಲಿರಲಿ. ಮಾತು ಕೊಟ್ಟವರ ಹೆಸರು, ಊರು ಅವರ ಒಪ್ಪಿಗೆ ಪಡೆದು ಕಡ್ಡಾಯವಾಗಿ ಬರೆಯಿರಿ. ಒಪ್ಪಿಗೆಯಾದ ಲೇಖನದ ಪುಟವಿನ್ಯಾಸ ನಮ್ಮದು.” ಈಗಾಗಲೇ ಹೀಗೆ ನಡೆಸುತ್ತಿರುವ ಪತ್ರಿಕೆ ಇದ್ದರೆ ನಮಗೆ ಬರೆದು ತಿಳಿಸಿ. ಹೆಸರು, ವಿಳಾಸ ಸಮೇತ ಇಲ್ಲೇ ಹಾಕುತ್ತೇವೆ, ನಮ್ಮ ಹುಡುಗರು ಅಲ್ಲಿಗೇ ಕಳಿಸಲಿ.